ಹತ್ತು ನಕ್ಷತ್ರಗಳ ಕೌದಿ

ಕೊಪ್ಪದ ಹತ್ತಿರ ಬಾಳಗಡಿಯಲ್ಲಿ, ಕಾಲೇಜಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಒಂದೇ ಕೋಣೆ, ಎರಡು ಮಿಷನ್ನು, ಬಟ್ಟೆ ಕತ್ತರಿಸಲು ಒಂದು ಎತ್ತರದ ಮೇಜು. ಒಂದು ಮಿಷನ್ನಿನಲ್ಲಿ ನಾನು ಕೂರುತ್ತಿದ್ದೆ, ಇನ್ನೊಂದರಲ್ಲಿ ನನ್ನ ಅಕ್ಕ ಲಲಿತಾ. ಅವಳನ್ನು ಶೃಂಗೇರಿಗೆ ಕೊಟ್ಟಿದ್ದರು. ಭಾವ ತೀರಿಕೊಂಡ ಮೇಲೆ ನಮ್ಮ ಬೀದಿಗೇ ಬಂದು ಬಾಡಿಗೆ ಮನೆ ಹಿಡಿದಳು. ನನಗಿಂತ ಏಳು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಹದಿನಾರು. ಆಮೇಲೆ ನನಗೆ ಸೀರೆ ಉಡಲು ಕಲಿಸಿದವಳು, ಮಿಷನ್ನು ತುಳಿಯಲು ಕಲಿಸಿದವಳು, ನನ್ನ ಬಾಣಂತನ ಮಾಡಿದವಳು ಎಲ್ಲ ಅವಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದನ್ನು ಓದಿ ಅವಳು ಕೆಟ್ಟವಳು ಎಂದು ಯಾರೂ ತಿಳಿಯಬಾರದು. ಕೆಟ್ಟವಳಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

ಆಷಾಢದಲ್ಲಿ ಹೊಲಿಗೆಯವರಿಗೆ ಕೆಲಸ ಕಡಿಮೆ. ಶಾಲೆಯ ಯೂನಿಫಾರಂ ಮುಗಿದಿರುತ್ತದೆ, ಮದುವೆಯ ಬ್ಲೌಸ್ ಇರುವುದಿಲ್ಲ. ಅಂಥ ಒಂದು ಆಷಾಢದಲ್ಲಿ ನನ್ನ ಮಗಳು ಸ್ಫೂರ್ತಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಹೆಂಗಸೊಬ್ಬಳು ತಿಂಗಳಿಗೊಂದರಂತೆ ಬಟ್ಟೆಯ ನಕ್ಷತ್ರ ಹೊಲಿಯುತ್ತಿದ್ದಳು. ಆಯಾ ತಿಂಗಳ ಹವೆಗೆ ತಕ್ಕ ಬಣ್ಣ. ನಡುವೆ ಒಂದು ಚೌಕ, ಸುತ್ತ ಎಂಟು ಮೊನೆ, ಮೊನೆಗಳ ಸಂದಿಗೆ ನಾಲ್ಕು ತುಂಡು, ನಾಲ್ಕು ಮೂಲೆಗೆ ಇನ್ನು ನಾಲ್ಕು. ವರ್ಷದ ಕೊನೆಗೆ ಹನ್ನೆರಡನ್ನೂ ಕೂಡಿಸಿ ಒಂದು ಕೌದಿ.

"ನಕ್ಷತ್ರ ಅಂದ್ರೆ ಮಳೆ ನಕ್ಷತ್ರವಾ? ಹಾಗಾದ್ರೆ ಇವತ್ತು ಪುನರ್ವಸು" ಎಂದು ಅಕ್ಕ ನಕ್ಕಳು. ಆದರೆ ಅವತ್ತೇ ಬ್ಲೌಸ್ ಪೀಸುಗಳಲ್ಲಿ ಉಳಿದ ತುಂಡುಗಳ ಚೀಲ ಸುರಿದು ಬಣ್ಣ ಆರಿಸಲು ಕೂತವಳೂ ಅವಳೇ. ಸ್ಫೂರ್ತಿಗೆ ಆಗಷ್ಟೇ ಮುತ್ತಿನಕೊಪ್ಪದ ಕಡೆಯ ಸಂಬಂಧ ಬಂದಿತ್ತು. ಮದುವೆಯ ವರ್ಷ ಅವಳಿಗೊಂದು ಕೌದಿ ಕೊಡೋಣ ಎಂದುಕೊಂಡೆವು.

ನಾನು ಕತ್ತರಿಸುವುದು, ಅಕ್ಕ ಜೋಡಿಸುವುದು ಎಂದು ಮಾತಾಯಿತು. ಆಷಾಢಕ್ಕೆ ಬೂದು ಬಣ್ಣದ ಲೈನಿಂಗ್ ಬಟ್ಟೆ. ಶ್ರಾವಣಕ್ಕೆ ಗದ್ದೆಯ ನಾಟಿ ಹಸಿರು. ಕಾರ್ತೀಕಕ್ಕೆ ದೀಪದ ಕೇಸರಿ. ಮಾರ್ಗಶಿರಕ್ಕೆ ಕೊಯ್ಲಿನ ಹುಲ್ಲಿನ ಹಳದಿ. ನಕ್ಷತ್ರ ಹೊಲಿಯುವುದರಲ್ಲಿ ಕಷ್ಟವಿರುವುದು ಮೊನೆಯಲ್ಲಿ. ಹೊಲಿಗೆ ಒಂದು ದಾರದಷ್ಟು ಆಚೀಚೆಯಾದರೂ ಮೊನೆ ಒಳಗೆ ಹೋಗಿ ಮೊಂಡಾಗಿಬಿಡುತ್ತದೆ. ಅಕ್ಕನ ಮೊನೆಗಳು ಸೂಜಿಯಂತೆ ಬರುತ್ತಿದ್ದವು. ಒಂದು ಮೊಂಡಾದರೂ ಇಡೀ ನಕ್ಷತ್ರ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಪುಷ್ಯ ಮಾಸದ ನಕ್ಷತ್ರಕ್ಕೆ ಕಾಫಿ ಹಣ್ಣಿನ ಕೆಂಪು ಕತ್ತರಿಸುವಾಗ ಮೇಜಿನ ಅಂಚು ನನ್ನ ಎಡ ಎದೆಗೆ ಒತ್ತಿ ನೋವಾಯಿತು. ಬಚ್ಚಲಿಗೆ ಹೋಗಿ ಮುಟ್ಟಿ ನೋಡಿದೆ. ಅಡಿಕೆ ಗಾತ್ರದ ಗಂಟು, ಸರಿಸಿದರೆ ಸರಿಯುತ್ತಿರಲಿಲ್ಲ. ಮೊದಲು ಹೇಳಿದ್ದು ಅಕ್ಕನಿಗೆ. ಅವಳು ಮಿಷನ್ನಿನ ಮೇಲಿಂದ ಎದ್ದು, ಬಾಗಿಲು ಹಾಕಿ, ತಾನೇ ಮುಟ್ಟಿ ನೋಡಿದಳು. "ನಾಳೆನೇ ಕೊಪ್ಪಕ್ಕೆ ಹೋಗಿ ತೋರ್ಸೋಣ" ಎಂದಳು. ಎಂದೂ ಯಾವುದಕ್ಕೂ ಅವಸರ ಮಾಡದವಳು. ನನಗೆ ಆಗಲೇ ಸಂಶಯ ಬರಬೇಕಿತ್ತು.

ಕೊಪ್ಪದ ಡಾಕ್ಟರಮ್ಮ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸೂಜಿ ಹಾಕಿ ಪರೀಕ್ಷೆಗೆ ತೆಗೆದರು. ರಿಪೋರ್ಟ್ ತರಲು ಹೊರಟದ್ದು ನಮ್ಮನೆಯವರು ಮತ್ತು ಅಕ್ಕ. ನಮ್ಮನೆಯವರು ಶೃಂಗೇರಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುತ್ತಾರೆ. ಮಾತು ಕಡಿಮೆ. ನಾನೂ ಬರುತ್ತೇನೆ ಎಂದೆ.

"ನೀ ಎಂತಕ್ಕೆ ಮಾರಾಯ್ತಿ? ಒಂದು ಕಾಗದ ತರೋಕೆ ಮೂರು ಜನವಾ?" ಎಂದಳು ಅಕ್ಕ. "ಮದುವೆ ಬ್ಲೌಸ್ ಹಾಗೇ ಬಿದ್ದಿದಾವೆ. ಅದು ಮುಗಿಸು."

ಸಂಜೆ ಬಂದರು. ನಾನು ಬಾಗಿಲಲ್ಲೇ ನಿಂತಿದ್ದೆ. ನಮ್ಮನೆಯವರು ಚಪ್ಪಲಿ ಬಿಡುತ್ತ ನನ್ನ ಮುಖ ನೋಡದೆ ಒಳಗೆ ಹೋದರು. ಅಕ್ಕ ಹೇಳಿದಳು: "ಎಂಥದ್ದೂ ಇಲ್ವಂತೆ. ಕೊಬ್ಬಿನ ಗಂಟು. ಮಾತ್ರೆ ಕೊಟ್ಟಿದಾರೆ. ಮದುವೆ ಮುಗಿದ್ಮೇಲೆ ನಿಧಾನಕ್ಕೆ ತೆಗ್ಸಿದ್ರೆ ಸಾಕಂತೆ."

ನಾನು ದೇವರ ಮುಂದೆ ದೀಪ ಹಚ್ಚಿದೆ. ಆ ಮಾತ್ರೆಯನ್ನು ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದೆ. ಮರೆತರೆ ಅಕ್ಕನೇ ನೀರು ತಂದುಕೊಟ್ಟು ನೆನಪಿಸುತ್ತಿದ್ದಳು.

ಮಾಘದ ನಕ್ಷತ್ರಕ್ಕೆ ಬಿಳಿ, ಕಾಫಿ ಹೂವಿನದು. ಫಾಲ್ಗುಣಕ್ಕೆ ಸ್ಫೂರ್ತಿಯ ಧಾರೆ ಸೀರೆಯ ಬ್ಲೌಸಿನಲ್ಲಿ ಉಳಿದ ಮೆರೂನ್ ತುಂಡು. ಎರಡರಲ್ಲೂ ಮೊನೆಗಳು ಮೊಂಡಾದವು. ಬಿಳಿಯದರಲ್ಲಿ ಮೂರು, ಮೆರೂನಿನದರಲ್ಲಿ ಐದು. ಅಕ್ಕ ಬಿಚ್ಚಲಿಲ್ಲ.

"ಎಂತಾಯ್ತೇ ಅಕ್ಕ ನಿಂಗೆ, ಕಣ್ಣು ಕಾಣಲ್ವಾ?" ಎಂದು ತಮಾಷೆ ಮಾಡಿದೆ.

"ವಯಸ್ಸಾಯ್ತು, ಕನ್ನಡಕ ಬದಲಾಯಿಸ್ಬೇಕು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನಂಬಿದೆ.

ಮದುವೆ ಚೆನ್ನಾಗಿ ನಡೆಯಿತು. ಯುಗಾದಿ ಕಳೆದ ವಾರ ಮೂವರೂ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೊರಟೆವು. ಒಂದು ಸಣ್ಣ ಗಂಟಿಗೆ ಅಷ್ಟು ದೂರ ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಗಾಯದ ಗುರುತು ಕಾಣದ ಹಾಗೆ ತೆಗೀತಾರೆ" ಎಂದರು ನಮ್ಮನೆಯವರು. ಶೃಂಗೇರಿ, ಕೆರೆಕಟ್ಟೆ, ಕಾರ್ಕಳ ದಾಟಿ ಹೋಗುವವರೆಗೂ ಅಕ್ಕ ಮಾತಾಡಲಿಲ್ಲ. ಘಾಟಿಯಲ್ಲಿ ಬಸ್ಸು ಅವಳಿಗೆ ಆಗುವುದಿಲ್ಲ, ಅದಕ್ಕೆ ಎಂದುಕೊಂಡೆ.

ನಾವು ಕಾಯಲು ಕೂತ ಜಾಗದಲ್ಲಿ ಎದುರಿಗೇ ಬೋರ್ಡಿತ್ತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಕ್ಯಾನ್ಸರ್ ಚಿಕಿತ್ಸಾ ವಿಭಾಗ. ನಾನು ಓದಿದೆ. ಪಕ್ಕದಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಳು. ನಮ್ಮನೆಯವರ ಕಡೆ ತಿರುಗಿದೆ. "ಇಲ್ಲಿ ಎಲ್ಲಾ ತರದ ಗಂಟೂ ನೋಡ್ತಾರೆ" ಎಂದರು. ಕೈಯಲ್ಲಿದ್ದ ಫೈಲನ್ನು ನನಗೆ ಕಾಣದ ಹಾಗೆ ಆಚೆ ಬದಿಗೆ ಸರಿಸಿಕೊಂಡರು. ನನಗೆ ಆಗಲೇ ಗೊತ್ತಾಯಿತು. ಆದರೂ ಟೋಕನ್ ಕರೆಯುವವರೆಗಿನ ಎರಡು ಗಂಟೆ ಗೊತ್ತಿಲ್ಲದವಳ ಹಾಗೆಯೇ ಕೂತಿದ್ದೆ. ನಾನು ಕೇಳಿಬಿಟ್ಟರೆ ಅವರು ಮತ್ತೊಂದು ಸುಳ್ಳು ಹೇಳುತ್ತಾರೆ, ಅದನ್ನು ಕೇಳುವ ಶಕ್ತಿ ನನ್ನಲ್ಲಿರಲಿಲ್ಲ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಫೈಲು ತೆರೆದು, ಪುಟ ತಿರುಗಿಸಿ, ನನ್ನ ಕಡೆಗೇ ನೋಡಿ ಕೇಳಿದರು: "ಜನವರಿಯಲ್ಲೇ ಗೊತ್ತಾಗಿದೆಯಲ್ಲ ಅಮ್ಮ. ಇಷ್ಟು ದಿನ ಯಾಕೆ ಬರಲಿಲ್ಲ?"

"ನನಗೆ ಇವತ್ತು ಗೊತ್ತಾಯ್ತು. ಹೊರಗೆ ಬೋರ್ಡು ಓದಿ" ಎಂದೆ.

ಅವರು ಪೆನ್ನು ಕೆಳಗಿಟ್ಟರು. ನಮ್ಮನೆಯವರನ್ನೂ ಅಕ್ಕನನ್ನೂ ಒಂದು ಸಲ ನೋಡಿದರು, ಬೈಯಲಿಲ್ಲ. ಕುರ್ಚಿ ನನ್ನ ಹತ್ತಿರ ಎಳೆದುಕೊಂಡು ಎಲ್ಲವನ್ನೂ ನನಗೇ ಹೇಳಿದರು. ಎರಡು ತಿಂಗಳಲ್ಲಿ ನನ್ನ ಬಗ್ಗೆ ಯಾರಾದರೂ ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ನಾನು ಚೀಲದಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟೆ. "ಇದನ್ನು ಬಿಡದೆ ತಗೊಂಡಿದೀನಿ ಡಾಕ್ಟ್ರೇ."

ಅವರು ನೋಡಿ ಮೆಲ್ಲಗೆ ಹೇಳಿದರು: "ಇದು ಶಕ್ತಿಗೆ ಕೊಡುವ ವಿಟಮಿನ್ ಅಮ್ಮ."

ಆಮೇಲೆ ಕೇಳಿದರು, ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ, ಅಕ್ಕತಂಗಿಯರಿಗೆ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು. ಇಲ್ಲ ಎಂದೆ. ಅಮ್ಮ ಕಾಮಾಲೆಯಲ್ಲಿ ಹೋದದ್ದು ಎಂದೆ. ಅಕ್ಕ ನೆಲ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ನಮ್ಮನೆಯವರನ್ನು ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು.

"ತಾಯಿಗೆ ಹೀಗಂತ ಗೊತ್ತಾದ್ರೆ ಹುಡುಗನ ಕಡೆಯವರು ಮದುವೆ ಬೇಡ ಅಂದುಬಿಟ್ರೆ? ಆಮೇಲೆ ನೀನೇ ಸಾಯೋವರೆಗೂ ಕೊರಗ್ತಿದ್ದೆ."

"ಸಾಯೋವರೆಗೂ ಅಂತ ನೀವೇ ಹೇಳ್ತಿದೀರಲ್ಲ" ಎಂದೆ. ಅವರು ಗೋಡೆಗೆ ತಲೆಕೊಟ್ಟು ಅತ್ತರು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಸಮಾಧಾನ ಮಾಡಬೇಕೆಂದು ನನಗೆ ಅನಿಸಲಿಲ್ಲ.

ಆಪರೇಷನ್ನಿನಲ್ಲಿ ಎಡ ಎದೆ ಪೂರ್ತಿ ತೆಗೆದರು. ಹೊಲಿಗೆ ಬಿಚ್ಚುವ ದಿನ ಡಾಕ್ಟರನ್ನು ಕೇಳಿಯೇಬಿಟ್ಟೆ: ಜನವರಿಯಲ್ಲೇ ಬಂದಿದ್ದರೆ ಉಳಿಯುತ್ತಿತ್ತಾ? ಅವರು, "ಗಂಟಷ್ಟೇ ತೆಗೆದು ಉಳಿಸಬಹುದಿತ್ತೇನೋ. ಖಚಿತವಾಗಿ ಹೇಳಲಾರೆ" ಎಂದರು. ಸುಳ್ಳು ಹೇಳದ್ದಕ್ಕೆ ಅವರಿಗೆ ಕೈಮುಗಿದೆ. ಆದರೆ ಆ 'ಏನೋ' ಎಂಬ ಒಂದು ಮಾತು ಇವತ್ತಿಗೂ ಸ್ನಾನ ಮಾಡುವಾಗ ನನ್ನ ಜೊತೆ ಬಚ್ಚಲಿಗೆ ಬರುತ್ತದೆ.

ಮನೆಗೆ ಬಂದ ನಾಲ್ಕನೇ ದಿನ ನಕ್ಷತ್ರಗಳ ಡಬ್ಬಿ ತೆಗೆದೆ. ಆಷಾಢದಿಂದ ಪುಷ್ಯದವರೆಗಿನ ಏಳನ್ನು ಒಂದು ಕಡೆ ಇಟ್ಟೆ. ಮಾಘ, ಫಾಲ್ಗುಣದ ಎರಡನ್ನು ಮಡಿಲಲ್ಲಿ ಹಾಕಿಕೊಂಡು ಬ್ಲೇಡಿನಿಂದ ಬಿಚ್ಚತೊಡಗಿದೆ. ಎಡಗೈ ಎತ್ತಲು ಬರುತ್ತಿರಲಿಲ್ಲ, ಬಟ್ಟೆಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದಿದ್ದೆ. ಆ ಎರಡು ತಿಂಗಳು ನನ್ನೆದುರು ಕೂತು, ಎಲ್ಲ ಗೊತ್ತಿದ್ದೂ, ಇವುಗಳನ್ನು ಹೊಲಿದಿದ್ದಾಳೆ ಎಂಬುದೊಂದೇ ತಲೆಯಲ್ಲಿತ್ತು. ಅಕ್ಕ ಗಂಜಿ ತೆಗೆದುಕೊಂಡು ಬಂದಳು. ನೋಡಿ ಬಾಗಿಲಲ್ಲೇ ನಿಂತಳು.

"ನನ್ನ ಮೇಲಿನ ಸಿಟ್ಟಿಗೆ ಬಿಚ್ತಿದೀಯಾ?"

"ಮೊನೆ ಮೊಂಡಾಗಿದೆ. ನೀನೇ ಬಿಚ್ಚಬೇಕಿತ್ತು."

ಅವಳು ಗಂಜಿಯ ಪಾತ್ರೆ ಕೆಳಗಿಟ್ಟು ನನ್ನ ಕಾಲ ಹತ್ತಿರ ಕೂತಳು. ಬಿಚ್ಚಿದ ತುಂಡೊಂದನ್ನು ಎತ್ತಿಕೊಂಡು ಹೇಳಿದಳು: "ವಾರಿಜಾ, ಅಮ್ಮನಿಗೆ ಕಾಮಾಲೆ ಅಲ್ಲ ಕಣೇ. ಇದೇ."

ನನಗೆ ಮೊದಲು ಅರ್ಥವಾಗಲಿಲ್ಲ.

"ಅಮ್ಮನಿಗೂ ಎದೇಲೇ ಆಗಿದ್ದು. ಕೊನೆಗೆ ಮೈ ಹಳದಿಯಾಯ್ತು, ಅದಕ್ಕೆ ಕಾಮಾಲೆ ಅಂದ್ವಿ. ನೀನು ಎಸ್ಸೆಸ್ಸೆಲ್ಸಿ ಅಂತ ಇಲ್ಲೇ ನಾರ್ವೆ ಹಳ್ಳೀಗೆ, ಚಿಕ್ಕಮ್ಮನ ಮನೇಗೆ ಕಳಿಸಿದ್ವಲ್ಲ. ಡಾಕ್ಟ್ರು ಅಮ್ಮನಿಗೆ ನೇರ ಹೇಳಿಬಿಟ್ರು. ಅವತ್ತೇ ಗೋಡೆ ಕಡೆ ತಿರುಗಿ ಮಲಗಿದ್ದು, ಮತ್ತೆ ಈ ಕಡೆ ತಿರುಗಲೇ ಇಲ್ಲ. ಒಂದು ತುತ್ತು ಉಣ್ಣಲಿಲ್ಲ. ನಾನು ನೋಡಿದೀನಿ. ನಿಂಗೆ ಹೇಳಿದ್ರೆ ನೀನೂ ಹಾಗೇ ಮಲಗ್ತೀಯ ಅಂತ..."

"ಮೂವತ್ತು ವರ್ಷವಾಯ್ತಲ್ಲ ಅಕ್ಕ. ಮೂವತ್ತು ವರ್ಷದಲ್ಲಿ ಒಂದು ದಿನವೂ ಹೇಳೋಕಾಗ್ಲಿಲ್ವಾ? ಗೊತ್ತಿದ್ರೆ ನಾನು ವರ್ಷ ವರ್ಷ ತೋರಿಸಿಕೊಳ್ತಿದ್ದೆ. ಡಾಕ್ಟ್ರು ಕೇಳಿದಾಗಲೂ ಬಾಯಿ ಬಿಡ್ಲಿಲ್ವಲ್ಲೇ ನೀನು."

ಅವಳು ನನ್ನ ಕಾಲು ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ. "ಗಂಜಿ ಇಟ್ಟು ಹೋಗು" ಎಂದೆ. ಅವಳು ಹೋದಳು. ಆಮೇಲೆ ಐದು ತಿಂಗಳು ನಾವು ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಗಂಜಿ ಇಟ್ಟು ಹೋಗುತ್ತಿದ್ದಳು. ಉಣ್ಣುತ್ತಿದ್ದೆ. ಪಾತ್ರೆ ತೊಳೆದು ಅಲ್ಲೇ ಇಡುತ್ತಿದ್ದೆ.

ಸ್ಫೂರ್ತಿಗೂ ಏನೂ ಗೊತ್ತಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ನಾನೇ ಫೋನು ಮಾಡಿ ಹೇಳಿದ್ದೆ. ಅವಳು ಅತ್ತೆಯನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದಳು. ಯಾರಿಗೆ ಗೊತ್ತಾಗಬಾರದು ಎಂದು ಇಷ್ಟೆಲ್ಲ ಮಾಡಿದ್ದರೋ ಆ ಬೀಗಿತ್ತಿ ನನ್ನ ಹಾಸಿಗೆಯ ಪಕ್ಕ ಕೂತು, ನನ್ನ ಕಾಲಿಗೆ ಹೊದಿಕೆ ಸರಿ ಮಾಡುತ್ತ ಹೇಳಿದರು: "ನಮಗೊಂದು ಮಾತು ಹೇಳಿದ್ರೆ ಮದುವೆ ಮುಂದಕ್ಕೆ ಹಾಕ್ತಿದ್ವಲ್ಲ. ಎಂತ ಆಗ್ತಿತ್ತು? ಹುಡುಗಿ ಎಲ್ಲಿಗೆ ಓಡಿ ಹೋಗ್ತಿದ್ಲು?"

ನಮ್ಮನೆಯವರು ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಸ್ಫೂರ್ತಿ ಅವರ ಕಡೆ ತಿರುಗಿ, "ನನ್ನ ಹೆಸರು ಹೇಳ್ಕೊಂಡು ಮಾಡಿದ್ರಿ ಅಪ್ಪ. ನನ್ನನ್ನೊಂದು ಮಾತು ಕೇಳ್ಲಿಲ್ಲ" ಎಂದಳು. ಅವಳು ಇವತ್ತಿಗೂ ಅಪ್ಪನ ಹತ್ತಿರ ಮೊದಲಿನ ಹಾಗೆ ಮಾತಾಡುವುದಿಲ್ಲ.

ಕೀಮೋ ಶುರುವಾದದ್ದು ವೈಶಾಖದಲ್ಲಿ. ಅದರ ವಾಂತಿ, ಬಾಯಿಹುಣ್ಣು, ಎಲ್ಲದಕ್ಕೂ ಕಬ್ಬಿಣದ ರುಚಿ, ಇದನ್ನೆಲ್ಲ ವಿವರಿಸುವುದಿಲ್ಲ. ಅನುಭವಿಸುತ್ತಿರುವವರಿಗೆ ಗೊತ್ತಿದೆ. ಅವರಿಗೆ ಹೇಳಬೇಕಾದ್ದು ಬೇರೆ: ನಿರೀಕ್ಷಿಸದ ಜಾಗದಿಂದ ಯಾರೋ ಬರುತ್ತಾರೆ. ಕೊಪ್ಪ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಜುಬೇದಾ ಬಳಿ ನಾನು ವರ್ಷಗಳಿಂದ ಲೈನಿಂಗ್ ತರುತ್ತಿದ್ದೆ. ಅಷ್ಟೇ ಪರಿಚಯ. ನನ್ನ ಕೂದಲು ಉದುರಿದ ವಾರ ಅವರು ಮನೆಗೆ ಬಂದರು. ತೊಳೆದು ಮೆತ್ತಗಾದ ಮಲ್ ಬಟ್ಟೆಯ ನಾಲ್ಕು ತುಂಡು ತಂದಿದ್ದರು. ಕನ್ನಡಿಯ ಮುಂದೆ ಕೂರಿಸಿ ತಲೆಗೆ ಕಟ್ಟುವುದನ್ನು ತೋರಿಸಿಕೊಟ್ಟರು. "ಇಲ್ಲಿ ಕಿವಿ ಹಿಂದೆ ತಗೊಂಡು ಹೋದ್ರೆ ಜಾರಲ್ಲ ನೋಡಿ. ನಾನು ದಿನಾ ಕಟ್ಟೋಳು, ನನ್ನ ಮಾತು ಕೇಳಿ." ನಾನು ತಿಂಗಳಾದ ಮೇಲೆ ಮೊದಲ ಸಲ ನಕ್ಕೆ. ಹೋಗುವಾಗ, "ಜನ ಏನೇನೋ ಹೇಳ್ತಿದಾರೆ. ನಿಮಗೆ ಏನಾಗಿದೆ, ನೀವೇ ಹೇಳಿ" ಎಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

ಚೈತ್ರದ ನಕ್ಷತ್ರವನ್ನು ಒಬ್ಬಳೇ ಹೊಲಿದಿದ್ದೆ. ಮಾವಿನ ತಳಿರಿನ ತಾಮ್ರದ ಬಣ್ಣ. ಬ್ಲೌಸ್ ಆಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸುವವಳಿಗೆ ಹದಿನೇಳು ತುಂಡು ಜೋಡಿಸಲು ಹನ್ನೊಂದು ದಿನ ಹಿಡಿಯಿತು. ವೈಶಾಖಕ್ಕೆ ಗುಲ್‌ಮೊಹರಿನ ಕೆಂಪು. ಅದನ್ನು ಕೈಹೊಲಿಗೆಯಲ್ಲಿ, ಮಂಗಳೂರಿನಲ್ಲಿ ನರಕ್ಕೆ ಸೂಜಿ ಚುಚ್ಚುವ ಮೊದಲು ಕಾಯುವ ಬೆಂಚಿನ ಮೇಲೆ ಕೂತು ಹೊಲಿದೆ. ಪಕ್ಕದವರು ಏನಿದು ಎಂದು ಕೇಳುತ್ತಿದ್ದರು. ಉಡುಪಿಯ ಕಡೆಯ ಒಬ್ಬ ಮುದುಕಿ ಒಂದು ಮೊನೆ ತಾನೇ ಹೊಲಿದುಕೊಟ್ಟರು. ಅದು ಸ್ವಲ್ಪ ಸೊಟ್ಟಗಿದೆ. ಹಾಗೇ ಬಿಟ್ಟೆ. ಜ್ಯೇಷ್ಠದ ನೀಲಿ ಮುಗಿಯುವಾಗ ಇನ್ನೂ ನಾಲ್ಕು ಕೀಮೋ ಬಾಕಿ ಇದ್ದವು. ಬೆರಳ ತುದಿ ಮರಗಟ್ಟಿ ಸೂಜಿ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ರಕ್ತ ಕಂಡಾಗಲೇ ಚುಚ್ಚಿಕೊಂಡೆನೆಂದು ತಿಳಿಯುತ್ತಿತ್ತು. ಆದರೂ ಹೊಲಿದೆ. ನನ್ನ ಮೈಯೇ ನನಗೆ ಹೇಳದೆ ಒಳಗೊಳಗೆ ಏನೋ ಮಾಡಿಕೊಂಡಿತ್ತು. ನನ್ನವರೂ ಹಾಗೇ ಮಾಡಿದ್ದರು. ಈ ಹದಿನೇಳು ತುಂಡು ಬಟ್ಟೆಯಲ್ಲಿ ಮಾತ್ರ ಯಾವುದು ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಕೌದಿ ಕೂಡಿಸುವಾಗ ಸ್ಫೂರ್ತಿ ಬಂದಳು. ಮಾಘ, ಫಾಲ್ಗುಣದ ಜಾಗ ಖಾಲಿ ಇತ್ತು. ಬೇರೆ ಎರಡು ಹೊಲಿದು ಹಾಕಲೇ ಎಂದೆ. "ಬೇಡಮ್ಮ. ಸಾದಾ ಬಟ್ಟೆ ಹಾಕು. ಆ ಎರಡು ತಿಂಗಳು ನಮಗೆ ಯಾರೂ ಏನೂ ಹೇಳಿರಲಿಲ್ಲವಲ್ಲ" ಎಂದಳು. ಹಾಗೇ ಮಾಡಿದೆ. ಹತ್ತು ನಕ್ಷತ್ರ, ಎರಡು ಖಾಲಿ ಚೌಕದ ಆ ಕೌದಿ ಈಗ ಮುತ್ತಿನಕೊಪ್ಪದಲ್ಲಿ ಅವಳ ಮಂಚದ ಮೇಲಿದೆ. ಕೊಡುವ ದಿನ ಅವಳನ್ನು ಕೂರಿಸಿ, ಅವಳ ಅಜ್ಜಿಗೆ ಏನಾಗಿತ್ತು, ನನಗೆ ಏನಾಯಿತು, ಅವಳು ಯಾವಾಗಿನಿಂದ ತೋರಿಸಿಕೊಳ್ಳಬೇಕು ಎಂಬುದನ್ನು ಡಾಕ್ಟರು ಬರೆದುಕೊಟ್ಟ ಹಾಗೆಯೇ ಹೇಳಿದೆ. ಹೆದರಿದಳು. ಹೆದರಲಿ. ಗೋಡೆಯ ಕಡೆ ತಿರುಗಿ ಮಲಗಲಿಲ್ಲ.

ನನಗೆ ಕಾಯಿಲೆ ಬಂದು ಈಗ ಮೂರನೇ ವರ್ಷ. ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ತಪಾಸಣೆ. ಅಂಗಡಿ ನಡೆಯುತ್ತಿದೆ. ನಮ್ಮನೆಯವರು ನನ್ನ ಫೈಲು ಈಗ ಮುಟ್ಟುವುದಿಲ್ಲ. ಅದು ನನ್ನ ಟ್ರಂಕಿನಲ್ಲಿರುತ್ತದೆ. ಮಾತು ಬಿಟ್ಟು ಐದು ತಿಂಗಳಾದ ಮೇಲೆ ಅಕ್ಕ ಒಂದು ಬೆಳಿಗ್ಗೆ ಅಂಗಡಿಗೆ ಬಂದು ತನ್ನ ಮಿಷನ್ನಿನ ಮೇಲೆ ಕೂತಳು. ನಾನು ಹೋಗು ಎನ್ನಲಿಲ್ಲ. ಮುಂದಿನ ವರ್ಷದ ಆಷಾಢದಲ್ಲಿ ಮತ್ತೆ ನಕ್ಷತ್ರ ಶುರು ಮಾಡಿದೆವು. ಆದರೆ ಈಗ ಒಂದನ್ನೇ ಇಬ್ಬರೂ ಹೊಲಿಯುವುದಿಲ್ಲ. ಅವಳದ್ದು ಅವಳು ಕತ್ತರಿಸುತ್ತಾಳೆ, ನನ್ನದು ನಾನು. ಅವಳು ಟೀ ಕೊಟ್ಟರೆ ಕುಡಿಯುತ್ತೇನೆ. ಅವಳು ಸಕ್ಕರೆ ಹಾಕಿಲ್ಲ ಎಂದರೆ, ಹೌದೋ ಅಲ್ಲವೋ ಎಂದು ಒಂದು ಗುಟುಕು ನೋಡುತ್ತೇನೆ. ನನ್ನ ಈ ಬುದ್ಧಿ ನನಗೇ ಇಷ್ಟವಿಲ್ಲ. ಹೋಗುವುದೂ ಇಲ್ಲ.

ಕಳೆದ ತಿಂಗಳು ಹೊಲಿಯುತ್ತಿದ್ದವಳು ಮಿಷನ್ನು ನಿಲ್ಲಿಸಿ ಕೇಳಿದೆ: "ಅಕ್ಕ, ನೀನು ಯಾವತ್ತಾದ್ರೂ ತೋರಿಸಿಕೊಂಡಿದೀಯಾ?"

ಅವಳು ತಲೆಯೆತ್ತಲಿಲ್ಲ. "ಇಲ್ಲ. ಹೆದರಿಕೆ."

"ಅಮ್ಮ ಹೋದಾಗಿಂದಲೂ?"

"ಅವಾಗಿಂದಲೂ."

ಇಷ್ಟು ವರ್ಷ ಅವಳು ನನಗೆ ಮಾತ್ರ ಸುಳ್ಳು ಹೇಳಿದ್ದಾಳೆ ಎಂದುಕೊಂಡಿದ್ದೆ.

ನನ್ನ ತಪಾಸಣೆಯ ದಿನವೇ ಅವಳನ್ನೂ ಕರೆದುಕೊಂಡು ಹೋದೆ. ಅವಳ ಪರೀಕ್ಷೆಯಾಯಿತು. ಸಂಜೆ ನಾಲ್ಕಕ್ಕೆ ಕೌಂಟರಿನಲ್ಲಿ ಅವಳ ಹೆಸರು ಕರೆದಾಗ ಅವಳು ಕೈ ತೊಳೆಯಲು ಹೋಗಿದ್ದಳು. ಸಿಸ್ಟರು ಕವರು ಚಾಚಿ, "ನೀವು ಮನೆಯವರಾ? ತಗೊಳ್ಳಿ" ಎಂದರು. ಅಂಟಿಸಿರಲಿಲ್ಲ. ತೆಗೆದು ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಳಗೆ ಕೆಟ್ಟದ್ದಿದ್ದರೆ ಅವಳ ಮುಖಕ್ಕೆ ಹೇಗೆ ಹೇಳಲಿ ಎಂದು ಹೆದರಿಕೆಯಾಯಿತು. ಅವತ್ತು ಶಿವಮೊಗ್ಗದಲ್ಲಿ ಅವಳು ಹೀಗೇ ನಿಂತಿದ್ದಿರಬೇಕು ಎಂದು ಅನಿಸಿದ್ದು ಆಗಲೇ. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಅವಳು ಎಷ್ಟು ಹೆದರಿದ್ದಳು ಎಂಬುದು ಮಾತ್ರ ಗೊತ್ತಾಯಿತು.

"ಅವರೇ ಬರ್ತಾರೆ, ಅವರ ಕೈಗೇ ಕೊಡಿ" ಎಂದೆ.

ಅಕ್ಕ ಬಂದು ತೆಗೆದುಕೊಂಡಳು. ಒಳಗೆ ಡಾಕ್ಟರು ನೋಡಿ, ಏನೂ ಇಲ್ಲ, ಮುಂದಿನ ವರ್ಷ ಮತ್ತೆ ಬನ್ನಿ ಎಂದರು. ಅವಳು ಇನ್ನೊಂದು ಸಲ ಹೇಳಿ ಎಂದಳು. ಅವರು ಹೇಳಿದರು.

ವಾಪಸ್ ಬರುವ ಬಸ್ಸಿನಲ್ಲಿ ಕಾರ್ಕಳ ದಾಟುತ್ತಿದ್ದಂತೆ ಅವಳಿಗೆ ನಿದ್ದೆ ಹತ್ತಿತು. ತಲೆ ಜಾರಿ ನನ್ನ ಎಡಭುಜದ ಮೇಲೆ ಬಂತು. ಆಪರೇಷನ್ ಆದ ಕಡೆ. ಘಾಟಿಯ ಒಂದೊಂದು ತಿರುವಿಗೂ ಅವಳ ಭಾರ ಗಾಯದ ಮೇಲೆ ಬೀಳುತ್ತಿತ್ತು. ಸ್ವಲ್ಪ ದೂರ ತಡೆದುಕೊಂಡೆ. ಆಮೇಲೆ ಅವಳನ್ನು ಅಲುಗಾಡಿಸಿ ಎಬ್ಬಿಸಿದೆ.

"ಅಕ್ಕ, ಈ ಕಡೆ ನೋಯ್ತದೆ."

ಅವಳು ಗಾಬರಿಯಿಂದ ಎದ್ದು, ಸೀಟು ಬದಲಿಸಿ, ನನ್ನ ಬಲಕ್ಕೆ ಬಂದು ಕೂತಳು.